ಬೆನ್ನ ಜೇಬಿನ ಪಾಲು

ನಾನು ಒಂದು ಜರ್ಕಿನ್. ಬೆನ್ನಿಗೊಂದು, ಎದೆಯ ಎರಡು ಕಡೆ ಒಂದೊಂದು ಬಿಸಿಯಾಗುವ ಪಟ್ಟಿ ನನ್ನ ಒಳಗಿವೆ. ಒಳಜೇಬಿನಲ್ಲಿ ಬ್ಯಾಟರಿ, ಎದೆಯ ಮೇಲೆ ಗುಂಡಿ. ಗುಂಡಿ ಒತ್ತಿದರೆ ಬೆಚ್ಚಗಾಗುತ್ತೇನೆ. ಹಿಮ ಬೀಳುವ ಯಾವುದೋ ದೇಶದ ಬೇಟೆಗಾರರಿಗೆಂದು ನನ್ನನ್ನು ಹೊಲಿದದ್ದು ದೊಡ್ಡಬಳ್ಳಾಪುರದ ಕಡೆಯ ಒಂದು ಗಾರ್ಮೆಂಟ್ಸಿನಲ್ಲಿ, ಅದೂ ಏಪ್ರಿಲ್ ತಿಂಗಳ ಸೆಕೆಯಲ್ಲಿ.

ನನ್ನ ಸೊಂಟದ ಹಿಂದೆ ರಬ್ಬರ್ ಅಸ್ತರಿನ ದೊಡ್ಡ ಜೇಬೊಂದಿದೆ. ಅದನ್ನು ಹೊಲಿದ ಗಂಗರತ್ನಮ್ಮನಿಗೆ ಪಕ್ಕದ ಮಿಷನ್ನಿನವಳು, "ಇಷ್ಟ್ ದೊಡ್ ಜೇಬು ಯಾಕಕ್ಕಾ?" ಎಂದು ಕೇಳಿದಳು. "ಹೊಡೆದ ಹಕ್ಕಿ ಹಾಕ್ಕೊಳಕ್ಕಂತೆ ಕಣೆ. ರಕ್ತ ಸೋರಬಾರ್ದಲ್ಲ," ಎಂದು ಗಂಗರತ್ನಮ್ಮ ಮುಖ ಸಿಂಡರಿಸಿದಳು. ಆಮೇಲೆ ನನ್ನನ್ನು ತಪಾಸಣೆಯ ಮೇಜಿಗೆ ಹಾಕಿದರು. ಒಬ್ಬರು ಎಳೆದರು, ಒಬ್ಬರು ತಿರುವಿ ಹಾಕಿದರು, ಒಬ್ಬರು ಗುಂಡಿ ಒತ್ತಿ ದಿಟ್ಟಿಸಿದರು. ಬಿಸಿಯಾದ ಮೇಲೆ ಆರಬೇಕಾಗಿದ್ದ ಕೆಂಪು ದೀಪ ಆರಲಿಲ್ಲ. ದೀಪ ಉರಿದರೆ ಪ್ರಾಣಿಗೆ ಕಾಣುತ್ತದೆಯಂತೆ. ನಾನು ರಿಜೆಕ್ಟ್ ಆದೆ. ಹುಟ್ಟಿದ ದಿನವೇ ಅಷ್ಟು ಜನ ಹುಳುಕು ಹುಡುಕಿದರೆ ಸ್ವಭಾವ ಹೇಗಿದ್ದೀತು ಹೇಳಿ. ಅನುಮಾನ ನನಗೆ ರಕ್ತದಲ್ಲಿ ಬಂದದ್ದಲ್ಲ, ತಂತಿಯಲ್ಲೇ ಬಂದದ್ದು.

ರಿಜೆಕ್ಟ್ ಮಾಲಿನ ಮೂಟೆಯಲ್ಲಿ ಮೂಡಿಗೆರೆಯ ಹನೀಫಣ್ಣನ ಅಂಗಡಿಗೆ ಬಂದೆ. ಬಂದವರೆಲ್ಲ ಕನ್ನಡಿ ಮುಂದೆ ನಿಂತು ನನ್ನನ್ನು ಹಾಕಿ ನೋಡಿ ಬಿಟ್ಟುಹೋಗುತ್ತಿದ್ದರು. ಚಳಿ ಶುರುವಾದಾಗ ಒಬ್ಬ ಮುದುಕರು ಬಂದರು. ಅವರೇ ಹೂವೇಗೌಡರು. ಅವರು ಕನ್ನಡಿಯ ಕಡೆ ತಿರುಗಿಯೂ ನೋಡಲಿಲ್ಲ.

"ಬ್ಯಾಟ್ರಿ ಹಾಕಿ ಬಿಸಿ ಮಾಡೋ ಜರ್ಕಿನ್ ಐತಂತಲ್ಲ ಹನೀಫಾ, ತೆಗಿ."

ಹನೀಫಣ್ಣ ಮೂರನ್ನು ಹರವಿದ. ಹೂವೇಗೌಡರು ಮೊದಲನೆಯದರ ತೋಳನ್ನು ಕಿವಿಯ ಹತ್ತಿರ ಹಿಡಿದು ಉಜ್ಜಿದರು. ಅದು ಚರಚರ ಎಂದಿತು. ಪಕ್ಕಕ್ಕಿಟ್ಟರು. ಎರಡನೆಯದಕ್ಕೆ ತೋಳೇ ಇರಲಿಲ್ಲ. "ಕೂತಲ್ಲಿ ಕೈ ಮರಗಟ್ಟುತ್ತೆ ಮಾರಾಯ," ಎಂದರು. ನನ್ನನ್ನು ಉಜ್ಜಿದರು. ನಾನು ಸದ್ದು ಮಾಡಲಿಲ್ಲ. ಮೂಸಿದರು. ಗುಂಡಿ ಒತ್ತಿ, ಎದೆಯ ಪಟ್ಟಿಯ ಮೇಲೆ ಅಂಗೈ ಇಟ್ಟು ಬಿಸಿ ಏರುವವರೆಗೆ ಕಾದರು.

"ಎಷ್ಟೊತ್ತು ಬರುತ್ತೆ?"

"ಕಮ್ಮೀಲಿಟ್ರೆ ಅರ್ಧ ದಿನ. ಜಾಸ್ತೀಲಿಟ್ರೆ ಬೇಗ ಮುಗಿಯುತ್ತೆ ಗೌಡ್ರೆ."

"ಈ ದೀಪ ಆರಲ್ವಾ?"

"ಆರಿದ್ರೆ ಇದು ಫಾರಿನ್ನಿಗೆ ಹೋಗಿರೋದು, ನಮ್ಮಂಗಡಿಗೆ ಯಾಕೆ ಬರ್ತಿತ್ತು?"

ಅವರು ದೀಪದ ಮೇಲೆ ಹೆಬ್ಬೆರಳು ಒತ್ತಿಹಿಡಿದು, "ಮರಸಿಗೆ ಇದೇ ಸರಿ," ಎಂದು ಯಾರಿಗೂ ಕೇಳದ ಹಾಗೆ ಗೊಣಗಿದರು. ನನಗೆ ಕೇಳಿಸಿತು. ಮರಸು ಅಂದರೆ ಪ್ರಾಣಿ ಬರುವ ದಾರಿಯಲ್ಲಿ ಮರೆಯಾಗಿ ಕೂತು ಕಾಯುವುದು. ಬೇಟೆಗಾರರ ಮಾತು ಅದು. ಬೇಟೆ ನಿಂತು, ಕಾನೂನು ಬಂದು ಎಷ್ಟೋ ವರ್ಷವಾಗಿದೆ. ಕಳ್ಳ ಬೇಟೆಗಾರನ ಮೈಗೆ ಬಿದ್ದೆನಲ್ಲಪ್ಪ ಎಂದುಕೊಂಡೆ.

ಮನೆಗೆ ಹೋದ ಮೇಲೆ ನನ್ನ ಅನುಮಾನ ಇನ್ನೂ ಬಲವಾಯಿತು. ಅದು ಕಾಡಂಚಿನ ಫಾರೆಸ್ಟ್ ಕ್ವಾರ್ಟರ್ಸ್. ಬಾಗಿಲಲ್ಲಿ ಖಾಕಿ ತೊಟ್ಟು ನಿಂತವಳು ಅವರ ಮಗಳು ಹೇಮಾವತಿ, ಅರಣ್ಯ ಇಲಾಖೆಯ ಗಾರ್ಡ್. ಅವಳು ನನ್ನನ್ನು ಎತ್ತಿ, ಬೆನ್ನ ಜೇಬಿಗೆ ಕೈಹಾಕಿ ನೋಡಿ, "ಇದೆಲ್ಲ ಯಾಕೆ ಅಪ್ಪಯ್ಯ ಈಗ?" ಎಂದಳು.

"ಚಳಿ ಕಣೆ. ಕೆಮ್ಮು."

ಕೆಮ್ಮು ನಿಜ. ಅವರ ಎದೆಗೆ ತಣ್ಣನೆ ಗಾಳಿ ತಾಕಿದರೆ ಸಾಕು, ಗುಡ್ಡವೆಲ್ಲ ಕೇಳುವ ಹಾಗೆ ಕೆಮ್ಮುತ್ತಿದ್ದರು. ಆದರೆ ಕೆಮ್ಮುವ ಮುದುಕರು ಬೆಳಗಿನ ಜಾವ ಹಾಸಿಗೆಯಲ್ಲಿರಬೇಕು. ಇವರು ದೀಪದ ಮೇಲೆ ಗಾಯದ ಪಟ್ಟಿ ಅಂಟಿಸಿ, ನನ್ನನ್ನು ತೊಟ್ಟು, ಮಗಳು ಏಳುವ ಮೊದಲೇ ಕಾಡಿಗೆ ಹೋಗುತ್ತಿದ್ದರು. ಹಳ್ಳದ ದಂಡೆಯ ಪೊದೆಯಲ್ಲಿ ಅಲ್ಲಾಡದೆ ಕೂರುತ್ತಿದ್ದರು. ಕೈಯಲ್ಲಿ ಕೋವಿ ಇರಲಿಲ್ಲ. ಎಲ್ಲಿ ಬಚ್ಚಿಟ್ಟಿದ್ದಾರೋ ಎಂದು ನಾನು ಕಾದೆ.

ವಿಷಯ ಗೊತ್ತಾದದ್ದು ರೇಂಜರ್ ಸಾಹೇಬರು ಕ್ವಾರ್ಟರ್ಸಿಗೆ ಬಂದ ದಿನ. ಹೇಮಾವತಿ ಕಾಯುವ ಕಾಡಿನಲ್ಲಿ ಯಾರೋ ತಂತಿಯ ಉರುಳು ಕಟ್ಟಿ ಕಾಡುಕುರಿ ಹಿಡಿಯುತ್ತಿದ್ದರು. "ಇನ್ನೊಂದು ಉರುಳು ಸಿಕ್ಕಿದ್ರೆ ನಿನ್ನ ಸಸ್ಪೆಂಡ್ ಮಾಡ್ದೆ ಬೇರೆ ದಾರಿ ಇಲ್ಲಮ್ಮ," ಎಂದ ಸಾಹೇಬರು, ಗೂಟಕ್ಕೆ ನೇತುಬಿದ್ದಿದ್ದ ನನ್ನನ್ನು ನೋಡಿದರು. "ನಿಮ್ ತಂದೆ ಹಿಂದೆ ದೊಡ್ಡ ಶಿಕಾರಿಯಂತೆ?" ಹೇಮಾವತಿ ತಲೆ ತಗ್ಗಿಸಿದಳು. ಒಳಗೆ ಹೂವೇಗೌಡರ ಕೆಮ್ಮು ಥಟ್ಟನೆ ನಿಂತಿತು. ಅಂದರೆ ಈ ಮುದುಕರು ಮರಸು ಕೂರುತ್ತಿದ್ದದ್ದು ಪ್ರಾಣಿಗಲ್ಲ, ಉರುಳು ಕಟ್ಟುವವನಿಗೆ! ನನಗೆ ನಾಚಿಕೆಯಾಯಿತು. ಆದರೂ ಪೂರ್ತಿ ನಂಬಲಿಲ್ಲ. ನನ್ನ ಸ್ವಭಾವವೇ ಅಂಥದ್ದು.

ಆ ಮನೆಯಲ್ಲಿ ನಾನು ಅನುಮಾನಿಸದಿದ್ದವನು ಒಬ್ಬನೇ, ಉಗ್ಗಪ್ಪ. ಹೂವೇಗೌಡರ ಹಳೆಯ ಬೇಟೆಯ ಜೊತೆಗಾರ. ಇಬ್ಬರೂ ಒಂದೇ ದಿನ ಠಾಣೆಗೆ ಹೋಗಿ ಕೋವಿ ಒಪ್ಪಿಸಿ ಬಂದವರು. ದಿನಾ ಕಾಫಿಗೆ ಬರುತ್ತಿದ್ದ, ನಗಿಸುತ್ತಿದ್ದ. ಅವರ ತಂಡದಲ್ಲಿ ಒಂದು ಕಟ್ಟಳೆಯಿತ್ತಂತೆ: ಏನೇ ಬೀಳಲಿ, ಜೊತೆಗಾರನ ಪಾಲು ಅವನ ಮನೆಗೆ ಮುಟ್ಟಬೇಕು, ಮೇಲೊಂದು ಚೂರು ಈಲಿ, ಅಂದರೆ ಪ್ರಾಣಿಯ ಲಿವರ್, ಇಡಬೇಕು. ಈಲಿ ಹೊರಗಿನವರ ಪಾಲಿಗಿಲ್ಲ. ಪಾಲು ತಪ್ಪಿಸಿದವನಿಗೆ ಮುಂದೆ ಗುರಿ ತಪ್ಪುತ್ತದೆ ಎಂದು ನಂಬಿದ್ದರು.

ಉಗ್ಗಪ್ಪ ಒಂದು ದಿನ ನನ್ನ ಬೆನ್ನ ಜೇಬನ್ನು ಸವರಿ ನಕ್ಕ. "ಎಂಥ ಹೂವಣ್ಣ, ಮತ್ತೆ ಶುರು ಹಚ್ಕಂಡ್ಯಾ?" ಮಗಳ ಕೆಲಸದ ಮಾತು ಮನೆಯಿಂದ ಆಚೆ ಹೋಗಬಾರದೆಂದು ಹೂವೇಗೌಡರು ಸುಮ್ಮನೆ ನಕ್ಕರು. ಆ ನಗುವನ್ನು ಉಗ್ಗಪ್ಪ ಹೌದೆಂದು ತಿಳಿದದ್ದೇ ಎಲ್ಲ ಕೆಡಿಸಿತು.

ಮರುದಿನ ಸಂಜೆ ಜಗಲಿಯಲ್ಲಿ ಯಾರೂ ಇಲ್ಲದಾಗ ಉಗ್ಗಪ್ಪ ಬಂದ. ಹೆಗಲ ವಸ್ತ್ರದೊಳಗಿಂದ ಬಾಳೆಎಲೆಯ ಕಟ್ಟೊಂದನ್ನು ತೆಗೆದು ನನ್ನ ಬೆನ್ನ ಜೇಬಿಗಿಳಿಸಿ, ಮೆತ್ತಗೆ ತಟ್ಟಿ ಹೋದ. ಗಂಗರತ್ನಮ್ಮ ಹೊಲಿದ ಅಸ್ತರಿನಿಂದ ಒಂದು ಹನಿಯೂ ಸೋರಲಿಲ್ಲ. ಕೂಗಬೇಕೆನಿಸಿತು. ಜರ್ಕಿನ್ನಿಗೆ ಕಾಲರ್ ಇದೆ, ಗಂಟಲಿಲ್ಲ.

ಒಗೆಯಲೆಂದು ನನ್ನನ್ನು ತೆಗೆದ ಹೇಮಾವತಿಯ ಕೈಗೆ ಕಟ್ಟು ಸಿಕ್ಕಿತು. ಅವಳ ಮುಖ ಬಿಳಿಚಿಕೊಂಡಿತು.

"ಎಂಥದಿದು ಅಪ್ಪಯ್ಯ? ನೀವೇನಾ?"

ಹೂವೇಗೌಡರು ಎಲೆ ಬಿಡಿಸಿದರು. ಮಾಂಸದ ಮೇಲೆ ಒಂದು ಚೂರು ಈಲಿ ಇತ್ತು. ಹಳೆಯ ತಂಡದಲ್ಲಿ ಬದುಕಿ ಉಳಿದಿದ್ದವರು ಇಬ್ಬರೇ, ಅವರು ಮತ್ತು ಉಗ್ಗಪ್ಪ.

"ನಾನಲ್ಲ ಕಣೆ. ಇದು ನಂಗೆ ಬಂದಿರೋ ಪಾಲು."

"ಯಾರು ಕೊಟ್ರು? ಹೇಳಿ. ಹೇಳ್ದಿದ್ರೆ ನನ್ ಕೆಲ್ಸನೂ ಹೋಗುತ್ತೆ, ನಿಮ್ಮನ್ನೂ ಎಳ್ಕಂಡು ಹೋಗ್ತಾರೆ."

ಅವರು ಎಲೆಯನ್ನು ಮೊದಲಿನ ಹಾಗೇ ಮಡಿಸಿ ಕಟ್ಟಿದರು. ಆಮೇಲೆ, "ನಾಳೆ ಬೆಳಗಾತ ನನ್ ಜೊತೆ ಬಾ," ಎಂದರು.

ಮಾರನೆಯ ದಿನ ಅವರು ಹಳ್ಳದ ದಂಡೆಗೆ ಹೋಗಲಿಲ್ಲ. ಉಗ್ಗಪ್ಪ ಹಿಂದೆಲ್ಲ ಮರಸು ಕೂರುತ್ತಿದ್ದ ಬಂಡೆಯ ಸಂದಿಗೆ ಹೋದರು. ತಂದೆ ಮಗಳು ಪೊದೆಯ ಮರೆಯಲ್ಲಿ ಕೂತರು. ಮಂಜು ಕವಿದಿತ್ತು. ನಾನು ಕೈಲಾದಷ್ಟು ಬಿಸಿಯಾಗಿದ್ದೆ, ಎದೆಯೊಳಗಿನ ಕೆಮ್ಮು ಮಲಗಿತ್ತು. ಆಗ ಕೆಳಗಿನ ಜಾಡಿನಲ್ಲಿ ಉಗ್ಗಪ್ಪ ಬಂದ, ಬಗ್ಗಿ ತಂತಿ ಬಿಗಿಯತೊಡಗಿದ.

ಹೂವೇಗೌಡರ ಬೆರಳು ಮೆಲ್ಲಗೆ ನನ್ನ ಗುಂಡಿಯ ಮೇಲೆ ಬಂತು. ಒತ್ತಿದರು. ನಾನು ಆರಿದೆ.

ಯಾಕೆಂದು ನನಗೆ ತಕ್ಷಣ ಹೊಳೆಯಿತು. ಎದೆ ತಣ್ಣಗಾದರೆ ಕೆಮ್ಮು ಬರುತ್ತದೆ. ಕೆಮ್ಮು ಕೇಳಿದರೆ ಉಗ್ಗಪ್ಪ ಓಡುತ್ತಾನೆ. ಬೇಕೆಂದು ಮಾಡಿದ್ದೆಂದು ಯಾರೂ ಹೇಳುವಂತಿಲ್ಲ. ಚಳಿ ಒಳಗಿಳಿಯಿತು, ಕೆಮ್ಮು ಗಂಟಲಿಗೆ ಬಂತು. ಹೇಮಾವತಿ ತಿರುಗಿ ತಂದೆಯನ್ನು ನೋಡಿದಳು. ಹೂವೇಗೌಡರು ನನ್ನ ತೋಳನ್ನು ಬಾಯಿಗೆ ತುರುಕಿ ಕಚ್ಚಿ ಹಿಡಿದರು. ಮೈಯೆಲ್ಲ ನಡುಗಿತು, ಸದ್ದು ಹೊರಗೆ ಬರಲಿಲ್ಲ. ಆ ಹಲ್ಲಿನ ಗುರುತು ಇವತ್ತಿಗೂ ನನ್ನ ಎಡತೋಳಿನ ಮೇಲಿದೆ.

ಹೇಮಾವತಿ ಎದ್ದು ಹೋಗಿ ಉಗ್ಗಪ್ಪನ ಕೈಹಿಡಿದಳು. ಅವನು ಬಿಡಿಸಿಕೊಳ್ಳಲಿಲ್ಲ. ಹಿಂದೆ ನಿಂತಿದ್ದ ಗೆಳೆಯನನ್ನು ನೋಡಿ ಒಂದೇ ಮಾತು ಕೇಳಿದ.

"ಪಾಲು ಸಿಕ್ತಾ ಹೂವಣ್ಣ?"

ಉಗ್ಗಪ್ಪ ತೆಳು ಅಂಗಿಯಲ್ಲಿ ನಡುಗುತ್ತಿದ್ದ. ಇಲಾಖೆಯ ಜೀಪು ಬಂದಾಗ ಹೂವೇಗೌಡರು ನನ್ನನ್ನು ಬಿಚ್ಚಿ ಅವನಿಗೆ ತೊಡಿಸಿ, ಗುಂಡಿ ಒತ್ತಿ, ನಿಂತಲ್ಲೇ ಕೆಮ್ಮತೊಡಗಿದರು. ಜೀಪು ತಿರುವು ದಾಟುವವರೆಗೂ ಆ ಕೆಮ್ಮು ಕೇಳುತ್ತಿತ್ತು.

ಹೇಮಾವತಿಯ ಕೆಲಸ ಉಳಿಯಿತು. ಉಗ್ಗಪ್ಪ ಜಾಮೀನಿನ ಮೇಲೆ ಮನೆಗೆ ಬಂದ. ನಾನು ಅವನ ಕೊಟ್ಟಿಗೆಯಲ್ಲಿ ನೇತಾಡಿದೆ. ಬ್ಯಾಟರಿ ಉಬ್ಬಿತು, ಕಿತ್ತು ಬಿಸಾಡಿದರು. ಈಗ ನಾನು ಬರೀ ಬಟ್ಟೆ. ಇಬ್ಬರು ಮುದುಕರ ನಡುವೆ ಮಾತಿರಲಿಲ್ಲ.

ಮಳೆ ಶುರುವಾದ ಮೇಲೆ ಒಂದು ಬೆಳಿಗ್ಗೆ ಉಗ್ಗಪ್ಪ ನನ್ನನ್ನು ತೊಟ್ಟು ಕ್ವಾರ್ಟರ್ಸಿಗೆ ಬಂದ. ನನ್ನನ್ನು ಹಳೆಯ ಗೂಟಕ್ಕೇ ಸಿಕ್ಕಿಸಿ, ಬಾಗಿಲು ತಟ್ಟದೆ, ನೆನೆಯುತ್ತಲೇ ಹಿಂದಿರುಗಿದ. ನನ್ನ ಬೆನ್ನ ಜೇಬಿನಲ್ಲಿ ಎಲೆಯ ಕಟ್ಟೊಂದಿತ್ತು. ಹುತ್ತದ ಪಕ್ಕ ಎದ್ದ ಅಣಬೆಯನ್ನು ಅವನು ಕೀಳುವುದನ್ನು ನಾನೇ ನೋಡಿದ್ದೆ. ಅರ್ಧ ತನಗೆ ಇಟ್ಟುಕೊಂಡು ಅರ್ಧ ಕಟ್ಟಿದ್ದ.

ಹೂವೇಗೌಡರು ಹೊರಗೆ ಬಂದರು. ನನ್ನನ್ನು ಗುರುತಿಸಿದರು. ತಡವರಿಸುತ್ತ ಜೇಬಿಗೆ ಕೈಹಾಕಿ ಕಟ್ಟನ್ನು ತೆಗೆದರು. ಉಗ್ಗಪ್ಪ ಹೋದ ದಾರಿಯನ್ನು ನೋಡಿದರು. ಅವರ ಕಣ್ಣು ತುಂಬಿತ್ತು. ನನಗೂ ಎದೆ ತುಂಬಿ ಬಂತು. ಈ ಒಂದು ಸಲವಾದರೂ ಯಾರನ್ನೂ ಅನುಮಾನಿಸುವುದು ಬೇಡ ಎಂದುಕೊಂಡೆ.

ಗೆಳೆಯನ ಮನೆಯಿಂದ ಬಂದ ಪಾಲನ್ನು ಜನ್ಮದಲ್ಲಿ ಒಮ್ಮೆಯೂ ಪರೀಕ್ಷಿಸದೆ ಒಲೆಗೇರಿಸಿದ್ದ ಆ ಮನುಷ್ಯ, ಅಂದು ಒಳಗೆ ಒಯ್ಯುವ ಮೊದಲು ಕಟ್ಟನ್ನು ಮೂಗಿನ ಹತ್ತಿರ ಹಿಡಿದು ಮೂಸಿ ನೋಡಿದರು.