ಎಂಜಿನ್ ನಿಂತರೆ ಮೊದಲು ಕೆಂಪು ಬಟನ್ ನೋಡಿ

ಟಿಕ್... ಟಿಕ್... ಕಾದ ತಗಡು ತಣ್ಣಗಾಗುವ ಸದ್ದು. ರಾತ್ರಿ ಹತ್ತು ಗಂಟೆ ಮೀರಿತ್ತು. ಬವೇರಿಯಾದ ಬೆಟ್ಟದ ಏರಿನಲ್ಲಿ, ಮೊಣಕಾಲುದ್ದದ ಹಿಮದ ನಡುವೆ, ಹಿಮದ ಮೇಲೆ ಓಡುವ ಬಂಡಿ, ಸ್ನೋಮೊಬೈಲ್, ನಿಂತುಬಿಟ್ಟಿತ್ತು. ಎಂಜಿನ್ನಿನ ಜೊತೆಗೆ ದೀಪವೂ ಆರಿತ್ತು. ಆ ಸಣ್ಣ ಸದ್ದು ಬಿಟ್ಟರೆ ಮಧುಮತಿಗೆ ಗಂಡ ಸುನಿಲಕುಮಾರನ ಉಸಿರು ಮಾತ್ರ ಕೇಳುತ್ತಿತ್ತು. ಎರಡು ವರ್ಷದ ಹಿಂದೆ ಅವನ ಹೃದಯಕ್ಕೆ ಸ್ಟೆಂಟ್ ಹಾಕಿದಾಗಿನಿಂದ ಆ ಉಸಿರಿಗೆ ಕಿವಿಗೊಡುವುದೇ ಅವಳಿಗೆ ಅಭ್ಯಾಸವಾಗಿತ್ತು.

ಸಂಕ್ರಾಂತಿಗೆಂದು ಜರ್ಮನಿಯ ಸಿಂಡೆಲ್‌ಫಿಂಗೆನ್‌ನ ಕೆಲವು ಕನ್ನಡ ಕುಟುಂಬಗಳು ಸೇರಿ ಬೆಟ್ಟದ ಮೇಲೊಂದು ಹ್ಯೂಟೆ, ಅಂದರೆ ಮರದ ತಂಗುಮನೆ, ಗೊತ್ತುಮಾಡಿದ್ದವು. ಕಾರು ಬುಡದವರೆಗೆ ಮಾತ್ರ. ಜನ ನಡೆದು ಹತ್ತಬೇಕು, ಸಾಮಾನು ತಂಗುಮನೆಯ ಸ್ನೋಮೊಬೈಲಿನಲ್ಲಿ ಬರಬೇಕು. ಜರ್ಮನಿಯಲ್ಲಿ ಈ ಬಂಡಿಯನ್ನು ಕಂಡಕಂಡಲ್ಲಿ ಓಡಿಸುವಂತಿಲ್ಲ; ಈ ದಾರಿಗೆ ತಂಗುಮನೆಯವರು ಅನುಮತಿ ಪಡೆದಿದ್ದರು. ಶುಕ್ರವಾರ ಆಫೀಸು ಮುಗಿಸಿ ಹೊರಟವರಿಗೆ ಆಟೋಬಾನ್‌ನಲ್ಲಿ ಮೂರು ಕಡೆ ಶ್ಟಾವ್. ಕಾರುಗಳ ಸಾಲು ಕದಲಲೇ ಇಲ್ಲ. ತಲುಪುವ ಹೊತ್ತಿಗೆ ಯಾರಲ್ಲೂ ತ್ರಾಣ ಉಳಿದಿರಲಿಲ್ಲ.

ತಂಗುಮನೆಯಲ್ಲಿ ಎರಡು ಚಳಿಗಾಲದಿಂದ ಕೆಲಸ ಮಾಡುತ್ತಿದ್ದ ಮೈಸೂರಿನ ಸ್ಮಿತಾ ಸಾಮಾನಿನ ಮೊದಲ ಹೇರು ಸಾಗಿಸಿದಳು. ಅವಳಿಗೆ ಇನ್ನು ಹದಿನೆಂಟು ಜನಕ್ಕೆ ಅನ್ನಕ್ಕಿಡುವುದಿತ್ತು. ಕುಕ್ಕರು, ರೊಟ್ಟಿಯ ಡಬ್ಬಿಗಳ ಎರಡನೇ ಹೇರು ತಾನೇ ತರುತ್ತೇನೆಂದು ಸುನಿಲಕುಮಾರ ತಂಗುಮನೆಯ ಮಾಲೀಕನನ್ನು ಒಪ್ಪಿಸಿದ. ಸ್ಮಿತಾ ಹ್ಯಾಂಡಲ್ಲಿನ ಕಡೆ ಬೆರಳು ತೋರಿಸಿ ಏನೋ ಹೇಳಲು ಶುರುಮಾಡಿದಳು.

“ನಾ ಹದಿನಾಕು ವರ್ಷ ಎಂಜಿನ್ ಮ್ಯಾಲೇ ಕೆಲಸ ಮಾಡೇನವಾ,” ಎಂದು ಅವನು ಅಲ್ಲಿಗೇ ನಿಲ್ಲಿಸಿದ. “ನೀ ಅನ್ನಕ್ಕಿಡು ಹೋಗು.”

ಅವನೊಬ್ಬನನ್ನೇ ಕಳಿಸಲು ಮನಸ್ಸಾಗದೆ ಮಧುಮತಿಯೂ ಹಿಂದೆ ಕೂತಳು. ಬುಡಕ್ಕಿಳಿದು, ಹೇರು ತುಂಬಿಕೊಂಡು ಅರ್ಧ ದಾರಿ ಏರಿದ್ದರು, ಅಷ್ಟೇ. ಹಿಮದ ಕೆಳಗೆ ಬಂಡೆ, ಬೇರು ಏನಿತ್ತೋ, ಬಂಡಿ ಒಮ್ಮೆಲೇ ಎಗರಿತು. ದಪ್ಪ ಕೈಗವಸಿನೊಳಗಿನ ಅವನ ಕೈ ಹ್ಯಾಂಡಲ್ಲಿನ ಮೇಲೆ ಜಾರಿತು. ಎಂಜಿನ್ ನಿಂತಿತು.

ಪೆಟ್ರೋಲ್ ಓವರ್‌ಫ್ಲೋ ಆಗಿದೆ ಎಂದು ಅವನು ತೀರ್ಮಾನಿಸಿದ. ಗದಗದಲ್ಲಿ ಅಪ್ಪನ ಸ್ಕೂಟರ್ ನಿಂತಾಗಲೆಲ್ಲ ಪಕ್ಕಕ್ಕೆ ವಾಲಿಸಿ, ಚೋಕ್ ಎಳೆದು, ಕಿಕ್ ಹೊಡೆಯುತ್ತಿದ್ದರು. ಈ ಬಂಡಿಯನ್ನೂ ವಾಲಿಸಲು ಹೊರಟ. ಇದೋ ಇನ್ನೂರು ಕಿಲೋ ಮೇಲಿನದು. ಮಧುಮತಿಯೂ ಹೆಗಲು ಕೊಟ್ಟಳು. ಆಮೇಲೆ ಚೋಕ್ ಹಾಕಿ, ಸ್ಟಾರ್ಟ್ ಮಾಡುವ ಹಗ್ಗ ಎಳೆಯತೊಡಗಿದ. ಹತ್ತು ಸಲ, ಇಪ್ಪತ್ತು, ನಲವತ್ತು. ಮೈ ಬೆವರಿ ಜಾಕೆಟ್ಟಿನ ಜಿಪ್ ತೆಗೆದ. ಆ ಚಳಿಯಲ್ಲಿ ಅವನ ಕುತ್ತಿಗೆಯಿಂದ ಹಬೆ ಏಳುತ್ತಿತ್ತು.

“ರೀ, ಸಾಕು. ಎದಿ ಮ್ಯಾಲ ಯಾಕ ಕೈ ಇಟ್ರಿ?”

“ಬೆಲ್ಟ್ ಸಡಿಲ ಮಾಡಾಕತ್ತೇನಿ.”

“ಬೆಲ್ಟ್ ಎದಿಗೆ ಕಟ್ಟತಾರೇನ್ರಿ?”

ತುರ್ತು ಸಹಾಯದ ನಂಬರು 112ಕ್ಕೆ ಫೋನ್ ಮಾಡೋಣವೆಂದು ಅವಳು ಅಂದರೆ ಬೇಡವೆಂದ. ಎಂಜಿನಿಯರ್ ಆಗಿ ಹಗ್ಗ ಎಳೆಯಲು ಬರದೆ ಆಂಬುಲೆನ್ಸ್ ಕರೆಸಿದ ಎಂದು ನಾಳೆಯೇ ಎಲ್ಲರೂ ಆಡಿಕೊಳ್ಳುತ್ತಾರಂತೆ. ಮಧುಮತಿ ವಾದ ಮಾಡಲಿಲ್ಲ. ಬೆನ್ನು ತಿರುಗಿಸಿ ಸ್ಮಿತಾಳಿಗೆ ಫೋನ್ ಹಚ್ಚಿ ಆದದ್ದೆಲ್ಲ ಹೇಳಿದಳು.

“ಮಧು ಅಕ್ಕ, ಮೊದ್ಲು ಹೇಳಿ, ಅವ್ರಿಗೆ ಎದೆನೋವಿದ್ಯಾ? ಇದ್ರೆ ನನ್ ಹತ್ರ ಮಾತಾಡ್ಬೇಡಿ, ಕಟ್ ಮಾಡಿ 112 ಒತ್ತಿ.”

ಮಧುಮತಿ ಗಂಡನನ್ನು ಕೇಳಿದಳು. ನೋವಿಲ್ಲ, ಏದುಸಿರು ಅಷ್ಟೇ ಎಂದ ಅವನು. ಅವನನ್ನು ಸೀಟಿನ ಮೇಲೆ ಕೂರಿಸಿ ಜಿಪ್ ಹಾಕಿಸಬೇಕು, ಹಗ್ಗ ಮುಟ್ಟಿಸಬಾರದು, ಒಂಚೂರು ನೋವು ಬಂದರೂ 112 ಎಂದು ಸ್ಮಿತಾ ಹೇಳಿದಳು. “ಈಗ ಬಲಗಡೆ ಹ್ಯಾಂಡಲ್ ನೋಡಿ. ಕೆಂಪು ಬಟನ್ ಮೇಲಿದ್ಯೋ, ಒತ್ಕೊಂಡಿದ್ಯೋ?”

ಮೊಬೈಲಿನ ಬೆಳಕಿನಲ್ಲಿ ನೋಡಿದರೆ ಬಟನ್ ಕೆಳಗೆ ಒತ್ತಿಹೋಗಿತ್ತು. ಬೈಕಿನಲ್ಲಿರುವಂಥ ಕಿಲ್ ಸ್ವಿಚ್ಚೇ ಅದು. ಅದು ಕೆಳಗಿರುವ ತನಕ ಸಾವಿರ ಸಲ ಎಳೆದರೂ ಎಂಜಿನ್ ಹತ್ತುವುದಿಲ್ಲ. ಮಧುಮತಿ ಕೈಗವಸು ಬಿಚ್ಚಿ, ಸೆಟೆದುಕೊಂಡ ಬೆರಳುಗಳಿಂದ ಅದನ್ನು ಮೇಲೆತ್ತಿದಳು. ಸವಾರ ಬಿದ್ದರೆ ಎಂಜಿನ್ ನಿಲ್ಲಿಸುವ ದಾರ ಅವನ ಜಾಕೆಟ್ಟಿಗೆ ಸರಿಯಾಗಿಯೇ ಸಿಕ್ಕಿಕೊಂಡಿತ್ತು. ಎಳೆದು ಎಳೆದು ಈಗ ನಿಜಕ್ಕೂ ಪೆಟ್ರೋಲ್ ತುಂಬಿಕೊಂಡಿದೆ, ಚೋಕ್ ಬಂದ್ ಮಾಡಿ, ಅವರು ಬ್ರೇಕ್ ಬಿಗಿಹಿಡಿದು ಆಕ್ಸಿಲರೇಟರ್ ಒತ್ತಲಿ, ಹತ್ತಿದ ಕೂಡಲೇ ಬಿಡಲಿ, ಹಗ್ಗ ನೀವು ಎಳೆಯಿರಿ ಎಂದಳು ಸ್ಮಿತಾ.

ಐದನೇ ಎಳೆತಕ್ಕೆ ಎಂಜಿನ್ ಕೆಮ್ಮಿ ಹತ್ತಿಕೊಂಡಿತು. ದೀಪ ಬಂತು. ಇಬ್ಬರಲ್ಲಿ ಯಾರಿಗೂ ಖುಷಿಪಡುವ ಶಕ್ತಿ ಇರಲಿಲ್ಲ.

ತಂಗುಮನೆಯ ಅಡುಗೆಮನೆಯಲ್ಲಿ ಸ್ಮಿತಾ ಒಣ ಅಂಗಿ ಕೊಟ್ಟು, ಬಿಸಿನೀರು ಕುಡಿಸಿದಳು. ಬೆವರಿದ ಮೈಗೆ ಚಳಿ ಬೇಗ ಇಳಿಯುತ್ತದೆ, ದಾರಿ ತಪ್ಪುವುದಕ್ಕಿಂತ ಅದೇ ಹೆಚ್ಚು ಅಪಾಯ ಎಂದಳು. ಸುನಿಲಕುಮಾರ ಇನ್ನೂ ಒಪ್ಪಿರಲಿಲ್ಲ.

“ಬಟನ್ ತಾನ ಒತ್ತಿಕೋತದೇನು? ನಾ ಮುಟ್ಟೇ ಇಲ್ಲ.”

“ಮುಟ್ಟಿದ್ದು ಗೊತ್ತೇ ಆಗಲ್ಲ. ದಪ್ಪ ಗ್ಲೌಸು, ಉಬ್ಬುತಗ್ಗು ದಾರಿ. ನಂಗೇ ಎರಡು ಸಲ ಆಗಿದೆ. ಮೊದಲ ಸಲ ಮುಕ್ಕಾಲು ಗಂಟೆ ಎಳ್ದು, ಅಳ್ತಾ ಕೂತಿದ್ದೆ.”

ಅವನು ಲೋಟ ಕೆಳಗಿಟ್ಟ. “ಖರೇನಾ?” ಎಂದ.

“ಬಂಡಿ ಕೆಟ್ಟಿರ್ಲಿಲ್ಲ. ಬಟನ್ ತನ್ನ ಕೆಲ್ಸ ಮಾಡಿತ್ತು.”

ಆಮೇಲೆ, ಹೊರಡುವ ಮುಂಚೆ ಅದನ್ನೊಮ್ಮೆ ಒತ್ತಿ, ಎತ್ತಿ ನೋಡಬೇಕಿತ್ತು ಎಂದು ತಾನಾಗಿ ಹೇಳಿದ. ಸೋಮವಾರವೇ ಡಾಕ್ಟರ ಹತ್ತಿರ ಹೋಗೋಣವೆಂದು ಮಧುಮತಿ ಅಂದಾಗ ತಕರಾರು ತೆಗೆಯದೆ ತಲೆಯಾಡಿಸಿದ. ಅವಳಿಗೆ ಅಷ್ಟು ಸಾಕಾಗಿತ್ತು.

ಓದುತ್ತಿರುವವರೇ, ಈ ಚಳಿಗಾಲ ನೀವೂ ಇಂಥ ಬಂಡಿ ಹತ್ತಬಹುದು. ಹತ್ತುವ ಮುಂಚೆ ಕೆಂಪು ಬಟನ್ ಎಲ್ಲಿದೆ ಎಂದು ಕೈಯಿಂದ ಮುಟ್ಟಿ ತಿಳಿದುಕೊಳ್ಳಿ. ನಡುದಾರಿಯಲ್ಲಿ ಎಂಜಿನ್ ನಿಂತರೆ ಹಗ್ಗಕ್ಕೆ ಕೈಹಾಕುವ ಮೊದಲು ಅದನ್ನೂ, ಜಾಕೆಟ್ಟಿನ ದಾರವನ್ನೂ ನೋಡಿ. ಬೆವರುವಷ್ಟು ಎಳೆಯಬೇಡಿ. ಬಂಡಿ ಬಿಟ್ಟು ಕತ್ತಲಲ್ಲಿ ನಡೆಯಬೇಡಿ. ಜೀವಕ್ಕೆ ಅಪಾಯ ಅನ್ನಿಸಿದರೆ 112ಕ್ಕೆ ಕರೆ ಮಾಡಲು ಯಾರ ಅಪ್ಪಣೆಯೂ ಬೇಡ.

ಊಟದ ಹೊತ್ತಿಗೆ ಎಲ್ಲರೂ ಯಾಕೆ ತಡವೆಂದು ಕೇಳಿದರು. ಹಿಮ ಜಾಸ್ತಿ ಇತ್ತು ಅಂದ ಸುನಿಲಕುಮಾರ. ಮರುದಿನ ಅದೇ ದಾರಿಯಲ್ಲಿ ಇನ್ನೊಬ್ಬರು ಬಂಡಿ ಓಡಿಸುವವರಿದ್ದರು. ಆದರೂ ಆ ಬಟನ್ನಿನ ವಿಷಯ ಯಾರಿಗೂ ಹೇಳುವುದಿಲ್ಲವೆಂದು ಅವನು ನಿರ್ಧರಿಸಿಬಿಟ್ಟಿದ್ದ. ನೀವು ಹಾಗೆ ಮಾಡಬೇಡಿ.