ಸೋಮವಾರದ ಕುದುರೆ

ಜೋಗೇಶ್ವರಿಯಲ್ಲಿ ಶಂಕ್ರೆಪ್ಪ ಕುದುರೆಗೆ ಸೂಜಿ ಚುಚ್ಚಿದರೆ ಸಾಕು, ಅತ್ತ ಮುಲುಂಡಿನ ಮಕ್ಕಳ ಗಂಟಲಮಾರಿ ಗಂಟುಮೂಟೆ ಕಟ್ಟುತ್ತಿತ್ತು. ಲೋಕಲ್ ರೈಲಿನಲ್ಲಿ ಅವನು ಹೀಗೆ ಹೇಳುವಾಗ ಯಾರೂ ಇಲ್ಲವೆನ್ನಲಿಲ್ಲ. ದಾದರ್ ಬಂದಿತ್ತು, ಎಲ್ಲರೂ ಇಳಿದರು.

೧೯೫೪ರಲ್ಲಿ ಅಲ್ಲಿ, ಕುದುರೆಯ ರಕ್ತದಿಂದ ಗಂಟಲಮಾರಿಗೆ, ಅಂದರೆ ಡಿಫ್ತೀರಿಯಾಕ್ಕೆ, ಮದ್ದು ತೆಗೆಯುವ ಸೀರಮ್ ಕಾರ್ಖಾನೆಯೊಂದರ ಲಾಯದಲ್ಲಿ ಆರು ಕುದುರೆಗಳಿದ್ದವು. ಡಾಕ್ಟರ್ ರಮಾನಾಥರು ಒಂದು ಗುರುವಾರ ಆರಕ್ಕೂ ಪಳಗಿಸಿದ ರೋಗವಿಷದ ಮೊದಲ ಸೂಜಿಯನ್ನು ತಾವೇ ಕೊಟ್ಟರು. ಆ ವಿಷವನ್ನು ತಡೆಯಲು ರಕ್ತದಲ್ಲಿ ಹುಟ್ಟಿದ ಪ್ರತಿಕಾಯ ಒಂದರಲ್ಲಿ ಹಿಡಿಯಷ್ಟು, ಇನ್ನೊಂದರಲ್ಲಿ ಚಿಟಿಕೆಯಷ್ಟು. ಮತ್ತೆ ಮತ್ತೆ ಚುಚ್ಚಿದರೆ ಎಲ್ಲವೂ ಸಮಕ್ಕೆ ಬರುತ್ತವೆಯೋ? ಅದನ್ನು ನೋಡಬೇಕಿತ್ತು. ದಿನಕ್ಕೊಂದು ಕುದುರೆಯಂತೆ ಐದು ವಾರ ಚುಚ್ಚುವ ಕೆಲಸ ಶಂಕ್ರೆಪ್ಪನಿಗೆ ಬಿತ್ತು. ಸೋಮವಾರದ ಸರದಿ ಗೌಡನೆಂಬ ಕಂದು ಕುದುರೆಯದು.

ಐದು ವಾರ ಕಳೆಯಿತು. ಐದು ಕುದುರೆಗಳ ಪ್ರತಿಕಾಯದ ಅಂಕಿಗಳು ದಾರ ಹಿಡಿದು ಎಳೆದಂತೆ ಒಂದರ ಪಕ್ಕ ಒಂದು ಬಂದು ನಿಂತವು. ಶಂಕ್ರೆಪ್ಪ ಎದೆಯುಬ್ಬಿಸಿದ.

"ನನ್ನ ಕೈಗುಣಾರೀ ಸಾಹೇಬರ! ಈ ಕೈ ಮುಟ್ಟಿದ್ರ ಐರಾವತನೂ ಆಡೂ ಒಂದ ತೂಕಕ್ಕ ಬರ್ತಾವು."

"ಗೌಡ ಯಾಕೆ ಬರಲಿಲ್ಲ ಮಾರಾಯ? ಇದ್ದಲ್ಲೇ ಇದ್ದಾನೆ. ಅವನ ರಕ್ತವೇ ಸರಿಯಿಲ್ಲ ಕಾಣ್ತದೆ. ನಾಳೆ ಟಾಂಗಾದವನಿಗೆ ಕೊಟ್ಟುಬಿಡುವ."

ಶಂಕ್ರೆಪ್ಪ ಲಾಯದ ಬಾಗಿಲಿಗೆ ಅಡ್ಡ ನಿಂತ. "ನಾ ಜೀವಂತ ಇರೂತನಕ ಗೌಡ ಈ ಹೊಸ್ತಿಲಾ ದಾಟಾಂಗಿಲ್ಲ! ಅವಂದು ರಾಜರಕ್ತರೀ. ಇನ್ನೂ ಐದು ವಾರ ಕೊಡ್ರಿ."

"ಐದು ಸಲ ಆಗದ್ದು ಹತ್ತು ಸಲಕ್ಕೆ ಆಗ್ತದಾ?"

"ಆಗೇ ಆಗ್ತದ. ಆಗದಿದ್ರ ಟಾಂಗಾಕ್ಕ ನನ್ನ ಹೂಡ್ರಿ."

ಇಷ್ಟು ಖಚಿತ ಹೇಗೆ? ಡಾಕ್ಟರಿಗೆ ಅನುಮಾನ ಬಂತು. ಅವನನ್ನು ಸರಿಸಿ ಒಳಗೆ ಹೋಗಿ ಪಕ್ಕದ ಕುದುರೆಯ ಕತ್ತು ತಡವಿದರು. ಚುಚ್ಚಿದಲ್ಲೆಲ್ಲ ಹುಣಸೆಬೀಜದಂಥ ಗಂಟು, ಎಣಿಸಿದರೆ ಆರು. ಗೌಡನ ಕತ್ತಿನಲ್ಲಿ ಒಂದೇ, ಡಾಕ್ಟರೇ ಚುಚ್ಚಿದ್ದು.

"ಗೌಡನ ಸೂಜಿ ಕಾರ್ಡಿನಲ್ಲಿ ಐದು ಗೀಟು ಎಳೆದಿದ್ದೀಯಲ್ಲ! ಔಷಧ ಎಲ್ಲಿ ಹೋಯ್ತು?"

ಶಂಕ್ರೆಪ್ಪನ ಜಂಭದ ಐರಾವತ ಅಲ್ಲೇ ಮಂಡಿಯೂರಿತು.

"ಬಚ್ಚಲಕ್ಕರೀ. ಸೋಮವಾರ ಬಸವಣ್ಣನ ವಾರ. ನಮ್ಮೂರಾಗ ಅವತ್ತ ಎತ್ತಿನ ಹೆಗಲಿಗೆ ನೊಗಾ ಇಡಾಂಗಿಲ್ಲ. ಗೌಡಗ ಸೂಜಿ ಹ್ಯಾಂಗ ಚುಚ್ಚಲಿ?"

"ಮಂಗಳವಾರ ಚುಚ್ಚಬಹುದಿತ್ತಲ್ಲ!"

"ಕಾರ್ಡಿನಾಗ ಸೋಮವಾರ ಅಂತ ಬರದಿತ್ತರೀ. ಬರದದ್ದ ಮೀರಬಾರದು ಅಂತ ನೀವ ಹೇಳಿದ್ರಿ."

ಡಾಕ್ಟರು ಬೈಯಲು ಬಾಯಿ ತೆರೆದರು, ನಗು ನುಗ್ಗಿತು. "ಅಂತೂ ಬಚ್ಚಲಿಗೆ ಇನ್ನು ಗಂಟಲಮಾರಿ ಬರುವುದಿಲ್ಲ." ಕಾರ್ಡು ತೆಗೆದು, ಸೋಮವಾರ ಹೊಡೆದುಹಾಕಿ ಮಂಗಳವಾರ ಬರೆದರು. "ಐದು ವಾರ. ಗಂಟು ನಾನೇ ಎಣಿಸುತ್ತೇನೆ."

ಶಂಕ್ರೆಪ್ಪ ಗೌಡನ ಕತ್ತಿಗೆ ಹಣೆ ಹಚ್ಚಿದ.

"ಖರೇ ಹೇಳ್ತೀನ್ರೀ. ಕೈಗುಣ ಅಲ್ಲ, ಏನೂ ಅಲ್ಲ. ಮತ್ತ ಮತ್ತ ಚುಚ್ಚಿದ್ದಕ್ಕ ಅವು ಐದೂ ಸಮ ಬಂದಾವು, ಚುಚ್ಚದ್ದಕ್ಕ ಇಂವ ಉಳದಾನ. ತಪ್ಪು ಇವನ ರಕ್ತದ್ದಲ್ಲ, ನಂದು."