ನಜೀರ್ ಹಾಕಿದ ಗಂಟು

ಗ್ಯಾಸ್ ತುಂಬಿ ಗಂಟು ಹಾಕಿದರೆ ಬಲೂನೊಂದಕ್ಕೆ ಎಂಟಾಣೆ ಕೂಲಿ, ಇನ್ನೂರಕ್ಕೆ ನೂರು ರೂಪಾಯಿ. ಯಲಹಂಕದ ಅಂಗಡಿಯೊಂದರ ಉದ್ಘಾಟನೆಗೆ ಅಷ್ಟನ್ನೂ ಹಾರಿಬಿಟ್ಟ ನಜೀರ್, ಇವೆಲ್ಲ ಎಲ್ಲಿಗೆ ಹೋಗುತ್ತವೋ ಎಂದು ಕತ್ತೆತ್ತಿ ನೋಡುತ್ತಲೇ ನಿಂತಿದ್ದ.

ವಾರದೊಳಗೆ, ಬಕ್ರೀದಿಗೆಂದು ಹೆಂಡತಿ ಅಕ್ಬರಿ ಸಾಕಿದ್ದ ಹೋತ ಮೇವು ಬಿಟ್ಟಿತು. ಅಲ್ಲಾಳಸಂದ್ರ ಕೆರೆಯ ದಂಡೆಯಲ್ಲಿ ಮೇಯುತ್ತಿದ್ದ ಹೋತ ಅದು. ದೃಷ್ಟಿಯಾಗಿದೆಯೆಂದು ಅವಳು ಮೆಣಸಿನಕಾಯಿ ನಿವಾಳಿಸಿದಳು. ಆದರೂ ಹೋತ ಸತ್ತಿತು.

"ಹೊಟ್ಟೆ ಕುಯ್ದು ನೋಡೇಬಿಡಾನ ಕಣೋ," ಎಂದ ಪಕ್ಕದ ಮನೆಯ ಮುನಿಗಂಗಪ್ಪ.

ಕರುಳಿನಲ್ಲಿ ಕೆಂಪು ರಬ್ಬರು ನೂಲಿನ ಸಮೇತ ಸಿಕ್ಕಿಕೊಂಡಿತ್ತು. "ಯಾವ್ ಬಡ್ಡಿಮಗ ಬಿಸಾಕಿದ್ನೋ!"

ನಜೀರ್ ಅದನ್ನು ತೊಳೆದು ನೋಡಿದ. ಬಲೂನಿನ ಬಾಯಿ ಮಡಚಿ, ನೂಲು ಸುತ್ತಿ, ತುದಿಯಲ್ಲಿ ಕುಣಿಕೆ ಬಿಡುವುದು ಅವನ ಅಪ್ಪ ಕಲಿಸಿದ ರೀತಿ.

"ಬೈಬೇಡಿ ಮುನಿಗಂಗಣ್ಣ. ಈ ಗಂಟು ನಂದೇ."

ಬಲೂನು ಎಲ್ಲಿಗೆ ಹೋಗುತ್ತದೆಂಬುದು ಅವನಿಗೆ ತಿಳಿಯಿತು. ಅಕ್ಬರಿಯ ಹೋತ ಮಾತ್ರ ಹಬ್ಬಕ್ಕೆ ಉಳಿಯಲಿಲ್ಲ.